ಕುದುರೆ ಹಸುವಲ್ಲ: ಸಾಕುವವರಿಗೊಂದು ಆರೋಗ್ಯ ಮಾರ್ಗದರ್ಶಿ

ನಮ್ಮಲ್ಲಿ ಕುದುರೆ ಕಟ್ಟಿದವರಲ್ಲಿ ಬಹಳ ಮಂದಿ ದನ ನೋಡಿಕೊಂಡು ಬೆಳೆದವರು. ಬೆಳಗಾವಿ, ಬಾಗಲಕೋಟೆ ಕಡೆ ಗಾಡಿ ಶರ್ಯತ್ತಿಗೆ ಕುದುರೆ ಸಾಕುವವರ ಹಿತ್ತಿಲಲ್ಲಿ ಎಮ್ಮೆಯೂ ಇರುತ್ತದೆ. ಮೈಸೂರಿನ ಟಾಂಗಾದವರು, ಮದುವೆ ಮೆರವಣಿಗೆಗೆ ಕುದುರೆ ಬಿಡುವವರು, ತಟ್ಟುವಿನ ಮೇಲೆ ಸಾಮಾನು ಹೇರಿಕೊಂಡು ಕುರಿ ಹಿಂಡಿನ ಜೊತೆ ನಡೆಯುವ ಕುರುಬರು, ಈಚೆಗೆ ಬೆಂಗಳೂರಿನ ಸುತ್ತ ತೋಟದ ಮನೆಯಲ್ಲಿ ಒಂದೆರಡು ಮಾರ್ವಾಡಿ ಕುದುರೆ ತಂದು ಕಟ್ಟಿಕೊಂಡವರು, ಎಲ್ಲರಿಗೂ ಕೈಗೆ ಸಿಗುವ ಸಲಹೆ, ಮೇವು, ಔಷಧಿ ಎಲ್ಲವೂ ಹಸು-ಎಮ್ಮೆಗೆಂದೇ ಇರುವುದು. ಊರಿನ ಪಶು ಆಸ್ಪತ್ರೆಗೆ ದಿನಾ ಬರುವುದೂ ಅವೇ.

ಕುದುರೆಗೆ ಆಗುವ ಅನಾಹುತಗಳಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕುದುರೆಯೂ ಹುಲ್ಲು ತಿನ್ನುತ್ತದೆ, ಆದರೆ ಮೆಲುಕು ಹಾಕುವುದಿಲ್ಲ. ಹಸುವಿಗೆ ಇರುವ ದೊಡ್ಡ ಮೇವಿನ ಚೀಲ ಅದಕ್ಕಿಲ್ಲ. ಜಠರ ಚಿಕ್ಕದು, ದೊಡ್ಡ ಕುದುರೆಗೂ 8ರಿಂದ 15 ಲೀಟರ್ ಮಾತ್ರ. ಮೇವು ಹುದುಗಿ ಕರಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಬಾಯಿಯಿಂದ ಉಸಿರಾಡಲೂ ಬರುವುದಿಲ್ಲ. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವುದರಲ್ಲಿ ಅರ್ಧ ತಾನಾಗಿಯೇ ಅರ್ಥವಾಗುತ್ತದೆ.

ಮೊದಲ ಕೆಲಸ: ಚೆನ್ನಾಗಿದ್ದಾಗಲೇ ಅಳೆದು ಬರೆದಿಡಿ

ಕಾಯಿಲೆ ಬಂದ ದಿನ ನಾಡಿ ಹಿಡಿದರೆ, ಅದು ಹೆಚ್ಚೋ ಕಡಿಮೆಯೋ ತಿಳಿಯಲು ಹಿಂದಿನ ಲೆಕ್ಕ ಬೇಕಲ್ಲ. ಒಂದು ವಾರ, ದಿನವೂ ಒಂದೇ ಹೊತ್ತಿನಲ್ಲಿ, ಕೆಲಸಕ್ಕೆ ಹೂಡುವ ಮೊದಲು ಕೆಳಗಿನವನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಜ್ವರ: ಪಕ್ಕದಲ್ಲಿ ನಿಂತು, ಬಾಲ ಎತ್ತಿ, ಥರ್ಮಾಮೀಟರಿನ ತುದಿಗೆ ಸ್ವಲ್ಪ ಎಣ್ಣೆ ಸವರಿ ಗುದದ್ವಾರದೊಳಗೆ ಇಡಿ. ಥರ್ಮಾಮೀಟರಿಗೆ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಬಾಲದ ಕೂದಲಿಗೆ ಸಿಕ್ಕಿಸಿದರೆ ಬಿದ್ದು ಒಡೆಯುವ ಭಯವಿಲ್ಲ. ದೊಡ್ಡ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಹಸುವಿಗೆ 101.5 ಏನೂ ಅಲ್ಲ. ಕುದುರೆಗೆ, ಅದೂ ಬೆಳಗಿನ ಹೊತ್ತು, ನೆರಳಿನಲ್ಲಿ ನಿಂತಿರುವಾಗ 101.5 ಬಂದರೆ ಜ್ವರ ಶುರುವಾಗಿದೆ ಎಂದೇ ಎಣಿಸಿ.

ನಾಡಿ: ಕೆಳದವಡೆಯ ಒಳಅಂಚಿನಲ್ಲಿ ಪೆನ್ಸಿಲಿನಷ್ಟು ದಪ್ಪದ ರಕ್ತನಾಳ ಹಾದುಹೋಗುವುದು ಬೆರಳಿಗೆ ಸಿಗುತ್ತದೆ. ಮೂರು ಬೆರಳಿಟ್ಟು ಮೆಲ್ಲಗೆ ಒತ್ತಿ, 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಹೆಬ್ಬೆರಳು ಬೇಡ, ನಿಮ್ಮದೇ ನಾಡಿ ಎಣಿಸಿಬಿಡುತ್ತೀರಿ. ಸ್ಟೆತಸ್ಕೋಪ್ ಇದ್ದರೆ ಎಡ ಮೊಣಕೈಯ ಹಿಂದೆ ಇಟ್ಟು ಕೇಳಬಹುದು. ನಿಮಿಷಕ್ಕೆ 28ರಿಂದ 44 ಸಹಜ.

ಉಸಿರು: ದೂರ ನಿಂತು ಪಕ್ಕೆ ಏರಿಳಿಯುವುದನ್ನು ನೋಡಿ. ನಿಮಿಷಕ್ಕೆ 8ರಿಂದ 16. ಮೂಗಿನ ಹತ್ತಿರ ಕೈ ಹಿಡಿದರೆ ಅದು ಮೂಸಲು ಶುರುಮಾಡುತ್ತದೆ, ಲೆಕ್ಕ ಕೆಡುತ್ತದೆ.

ಒಸಡು: ತುಟಿ ಎತ್ತಿ, ಹಲ್ಲಿನ ಮೇಲಿನ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪಾಗಬೇಕು. ಒಸಡು ಒದ್ದೆಯಾಗಿರಬೇಕು.

ಹೊಟ್ಟೆಯ ಸದ್ದು: ಕಡೆಪಕ್ಕೆಯ ಹಿಂದೆ, ಎರಡೂ ಬದಿ, ಮೇಲೆ ಕೆಳಗೆ ಕಿವಿಯಿಟ್ಟು ಕೇಳಿ. ಗುಳುಗುಳು, ದೂರದ ಗುಡುಗಿನಂಥ ಸದ್ದು ಬರುತ್ತಿದ್ದರೆ ಸರಿ. ಹೊಟ್ಟೆ ನಿಶ್ಶಬ್ದವಾಗಿದ್ದರೆ ಭಯಪಡಬೇಕು.

ಲದ್ದಿ: ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಕುವುದು ಸಾಮಾನ್ಯ. ಬೆಳಿಗ್ಗೆ ಲಾಯ ಗುಡಿಸುವಾಗ ಎಷ್ಟು ಗುಡ್ಡೆ ಇತ್ತು ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಗುಡಿಸುವ ಆಳಿಗೂ ಇದನ್ನು ಹೇಳಿಕೊಡಿ. ನಿಮಗಿಂತ ಮೊದಲು ತಿಳಿಯುವುದು ಅವರಿಗೇ.

ತೂಕ ತಿಳಿದೇ ಮೇವು ಹಾಕಿ

ಕುದುರೆ ತೂಗಲು ಲಾರಿ ತೂಕದ ಕಾಂಟಾಕ್ಕೆ ಹೋಗಬೇಕಿಲ್ಲ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಸರಿಸುಮಾರು ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 160, ಉದ್ದ 140 ಇದ್ದರೆ 300 ಕಿಲೋ ಚಿಲ್ಲರೆ. ಜಂತುಹುಳದ ಔಷಧಿಗೂ ಇದೇ ಲೆಕ್ಕ ಬೇಕಾಗುತ್ತದೆ. ಕಣ್ಣಂದಾಜಿನಲ್ಲಿ ಕೊಟ್ಟರೆ ಹೆಚ್ಚಾಗಿ ಕಡಿಮೆಯೇ ಕೊಟ್ಟಿರುತ್ತೇವೆ.

ಈ 300 ಕಿಲೋ ಕುದುರೆಗೆ ದಿನಕ್ಕೆ ನಾಲ್ಕೂವರೆಯಿಂದ ಆರು ಕಿಲೋ ಒಣಮೇವು, ಅಥವಾ ಅದಕ್ಕೆ ಸರಿಹೊಂದುವ ಹಸಿಮೇವು ಬೇಕು. ಹಸಿಮೇವಿನಲ್ಲಿ ಮುಕ್ಕಾಲಿಗೂ ಹೆಚ್ಚು ನೀರೇ ಆದ್ದರಿಂದ ತೂಕ ನಾಲ್ಕು ಪಟ್ಟು ಆಗುತ್ತದೆ. ಕಾಳು, ಹುರುಳಿ, ಓಟ್ಸ್ ಏನೇ ಇರಲಿ, ಒಂದು ಹೊತ್ತಿಗೆ ಒಂದೂವರೆ ಕಿಲೋ ದಾಟಬಾರದು. ಹೆಚ್ಚು ಕೊಡಬೇಕೆಂದಿದ್ದರೆ ಹೊತ್ತುಗಳನ್ನು ಹೆಚ್ಚಿಸಿ. ಕೆಲಸವಿಲ್ಲದೆ ನಿಂತ ಕುದುರೆಗೆ ಕಾಳಿನ ಅಗತ್ಯವೇ ಇರದಿರಬಹುದು.

ಹಸುವಿಗೆ ಬೆಳಿಗ್ಗೆ ಸಂಜೆ ಗೋದಲಿ ತುಂಬಿಸಿ ಹೋದರೆ ಉಳಿದ ಹೊತ್ತು ಅದು ಮೆಲುಕು ಹಾಕುತ್ತ ಕೂತಿರುತ್ತದೆ. ಕುದುರೆಯ ಜಠರದಲ್ಲಿ ಆಮ್ಲ ಇಪ್ಪತ್ನಾಲ್ಕು ಗಂಟೆಯೂ ಸುರಿಯುತ್ತಲೇ ಇರುತ್ತದೆ. ಬಯಲಿನಲ್ಲಿ ಬಿಟ್ಟರೆ ಅದು ದಿನದ ಮುಕ್ಕಾಲು ಹೊತ್ತು ಸ್ವಲ್ಪಸ್ವಲ್ಪವೇ ಮೇಯುತ್ತಿರುತ್ತದೆ. ಐದಾರು ಗಂಟೆ ಖಾಲಿ ಹೊಟ್ಟೆಯಲ್ಲಿ ನಿಂತರೆ ಹುಣ್ಣು ಏಳುತ್ತದೆ, ನಂತರ ಹಸಿದು ಗಬಗಬ ತಿಂದರೆ ಹೊಟ್ಟೆನೋವು. ರಾತ್ರಿಗೂ ಹುಲ್ಲು ಇರಲಿ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿದರೆ ನಿಧಾನವಾಗಿ ಎಳೆದು ತಿನ್ನುತ್ತದೆ.

ಇನ್ನು ದನದ ಮೇವಿನ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಬೂಸಾ ಹಾಕಿದರೆ ಕುದುರೆ ಇಷ್ಟಪಟ್ಟು ತಿನ್ನುತ್ತದೆ. ಆದರೆ ಗೋಧಿ ಬೂಸಾ, ಅಕ್ಕಿ ತೌಡು ಎರಡರಲ್ಲೂ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ತಿಂಗಳುಗಟ್ಟಲೆ ಅದನ್ನೇ ನೆಚ್ಚಿಕೊಂಡರೆ ದೇಹ ಮೂಳೆಯೊಳಗಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮುಖದ ಮೂಳೆ ಊದಿ ತಲೆ ದಪ್ಪಗಾಗುತ್ತದೆ, ಕಾಲು ಅಲ್ಲೊಮ್ಮೆ ಇಲ್ಲೊಮ್ಮೆ ಕುಂಟುತ್ತದೆ. ಡೈರಿಗೆಂದು ಬೆಳೆದ ನೇಪಿಯರ್ ಹುಲ್ಲೂ ಇದೇ ತೊಂದರೆ ತರಬಲ್ಲದು. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆದುಬಿಡುತ್ತವೆ, ಆದ್ದರಿಂದ ಹಸುವಿಗೆ ಬಾಧೆಯಿಲ್ಲ. ನಿಮ್ಮಲ್ಲಿ ಇವೆರಡೇ ಸಿಗುವುದಾದರೆ ಜೊತೆಗೆ ಕುದುರೆ ಮಸಾಲೆ ಸೊಪ್ಪು ಬೆಳೆದು ಕೊಡಿ. ಅದರಲ್ಲಿ ಕ್ಯಾಲ್ಸಿಯಂ ಯಥೇಚ್ಛ. ಖನಿಜ ಮಿಶ್ರಣ ಎಷ್ಟು ಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಮುಗ್ಗು ಹಿಡಿದ ಮೆಕ್ಕೆಜೋಳ ಕುದುರೆಯ ಹತ್ತಿರಕ್ಕೂ ಬರಬಾರದು. ಹಾವೇರಿ, ದಾವಣಗೆರೆ ಕಡೆ ಮಳೆಗೆ ನೆಂದ ತೆನೆಯನ್ನು ‘ದನಕ್ಕಾದರೂ ಆಗುತ್ತದೆ’ ಎಂದು ಎತ್ತಿಡುವುದುಂಟು. ಅದರ ಶಿಲೀಂಧ್ರದ ವಿಷ ಕುದುರೆಯ ಮಿದುಳನ್ನೇ ಕರಗಿಸುತ್ತದೆ. ತೂರಾಡುವುದು, ಗೋಡೆಗೆ ತಲೆ ಒತ್ತುವುದು, ಕಣ್ಣು ಕಾಣದಂತಾಗುವುದು ಶುರುವಾದ ಮೇಲೆ ಉಳಿಯುವುದು ಅಪರೂಪ. ಹಸಿ ಜೋಳದ ಪೈರಿನಲ್ಲಿ ದಿನಗಟ್ಟಲೆ ಮೇಯಿಸುವುದೂ ಬೇಡ: ಹಿಂಗಾಲು ತೂರಾಡಿ, ಮೂತ್ರ ಹಿಡಿತ ತಪ್ಪಿ ತೊಟ್ಟಿಕ್ಕುತ್ತದೆ. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದೊಂದೇ ಹಾಕಿ ನೀರು ಕಡಿಮೆಯಾದರೆ ಕರುಳಿನಲ್ಲಿ ಗಟ್ಟಿಕಟ್ಟುತ್ತದೆ.

ಮೇವು ಬದಲಾಯಿಸುವಾಗ ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಕುದುರೆ ಹಗ್ಗ ಬಿಚ್ಚಿಕೊಂಡು ಕಾಳಿನ ಚೀಲಕ್ಕೆ ಬಾಯಿ ಹಾಕಿದ್ದು ತಿಳಿದರೆ, ‘ಏನೂ ಆಗಿಲ್ಲವಲ್ಲ’ ಎಂದು ಕಾಯಬೇಡಿ, ಆಗಲೇ ವೈದ್ಯರಿಗೆ ಹೇಳಿ. ಗೊರಸಿನೊಳಗಿನ ಉರಿಯೂತ ಕಾಣಿಸುವುದು ಒಂದೆರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಕೈ ಮೀರಿರುತ್ತದೆ. ಮೆರವಣಿಗೆಯ ಕುದುರೆಗೆ ಬಂದವರೆಲ್ಲ ಲಾಡು, ಅನ್ನ, ಬೆಲ್ಲ ಹಿಡಿಯುವುದನ್ನು ನಯವಾಗಿ ತಡೆಯಿರಿ. ಭಕ್ತಿಯೇ ಇರಬಹುದು, ಹೊಟ್ಟೆಗೆ ಅದು ಗೊತ್ತಾಗುವುದಿಲ್ಲ.

ನೀರು ದಿನಕ್ಕೆ 25ರಿಂದ 50 ಲೀಟರ್, ಬೇಸಿಗೆಯಲ್ಲಿ ಕೆಲಸ ಮಾಡಿದರೆ ಇನ್ನೂ ಹೆಚ್ಚು. ಪಾಚಿ ಕಟ್ಟಿದ ತೊಟ್ಟಿಯಲ್ಲಿ ಎಮ್ಮೆ ಕುಡಿದೀತು, ಕುದುರೆ ಮೂಸಿ ಬಿಟ್ಟುಬಿಡುತ್ತದೆ. ಬೆವರಿನಲ್ಲಿ ಉಪ್ಪು ಬಹಳ ಹೋಗುವುದರಿಂದ ದಿನಕ್ಕೆ ಒಂದೆರಡು ದೊಡ್ಡ ಚಮಚ ಅಡುಗೆ ಉಪ್ಪನ್ನು ಮೇವಿನಲ್ಲಿ ಬೆರೆಸಿ.

ಹೊಟ್ಟೆನೋವು ಬಂದಾಗ

ಕುದುರೆ ಸಾಕಿದವರು ಒಂದಲ್ಲ ಒಂದು ದಿನ ಇದನ್ನು ಎದುರಿಸುತ್ತಾರೆ. ಕಾಲಿನಿಂದ ನೆಲ ಕೆರೆಯುವುದು, ಕತ್ತು ತಿರುಗಿಸಿ ಹೊಟ್ಟೆ ನೋಡಿಕೊಳ್ಳುವುದು, ಮೇಲ್ದುಟಿ ಸುರುಳಿ ಮಾಡುವುದು, ಮಲಗಿ ಎದ್ದು ಮಲಗಿ ಎದ್ದು ಮಾಡುವುದು, ಹೊರಳಾಡುವುದು, ಬಿಸಿಲಿಲ್ಲದೆಯೂ ಬೆವರುವುದು, ಲದ್ದಿ ನಿಲ್ಲುವುದು. ಕೆಲವು ಕುದುರೆ ಇದೊಂದೂ ಮಾಡದೆ ಮೇವು ಬಿಟ್ಟು ಸುಮ್ಮನೆ ಮೂಲೆಯಲ್ಲಿ ನಿಲ್ಲುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದು: ಗೋದಲಿಯಿಂದ ಮೇವನ್ನೆಲ್ಲ ತೆಗೆಯಿರಿ. ಹಾಸಿದ ಹುಲ್ಲನ್ನೂ ತೆಗೆಯಿರಿ, ಅದನ್ನೇ ತಿಂದೀತು.

ಎರಡು: ನಾಡಿ, ಉಸಿರು, ಜ್ವರ, ಒಸಡು, ಹೊಟ್ಟೆಯ ಸದ್ದು ನೋಡಿ, ಗಂಟೆ ಹಾಕಿ ಬರೆಯಿರಿ. ಹೊರಳಾಡುತ್ತಿದ್ದರೆ ಹತ್ತಿರ ಹೋಗಬೇಡಿ. ನೋವಿನಲ್ಲಿರುವ ಕುದುರೆಗೆ ನೀವು ಯಾರೆಂಬುದು ಗೊತ್ತಿರುವುದಿಲ್ಲ.

ಮೂರು: ವೈದ್ಯರಿಗೆ ಫೋನು ಮಾಡಿ. ಪಶು ಇಲಾಖೆಯ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನದ ವ್ಯವಸ್ಥೆಯೂ ಇದೆ. ‘ಕುದುರೆಗೆ ಹುಷಾರಿಲ್ಲ’ ಎಂದಷ್ಟೇ ಹೇಳಬೇಡಿ. ಯಾವಾಗ ಶುರುವಾಯಿತು, ನಾಡಿ ಎಷ್ಟು, ಕೊನೆಯ ಸಲ ಲದ್ದಿ ಯಾವಾಗ, ಮೇವು ಬದಲಾಯಿಸಿದ್ದೀರಾ, ಗಬ್ಬವೇ, ಜಂತುಹುಳದ ಔಷಧಿ ಕೊಟ್ಟು ಎಷ್ಟು ದಿನವಾಯಿತು, ಏನಾದರೂ ಕುಡಿಸಿದ್ದೀರಾ ಎಂಬುದನ್ನು ಹೇಳಿ. ನಾಡಿ 60 ದಾಟಿದ್ದರೆ, ಒಸಡು ಕಡುಗೆಂಪೋ ನೀಲಿಯೋ ಆಗಿದ್ದರೆ, ಅದನ್ನೇ ಮೊದಲ ಮಾತಾಗಿ ಹೇಳಿ.

ನಾಲ್ಕು: ಕುದುರೆ ಒಪ್ಪಿದರೆ ಹತ್ತು ಹದಿನೈದು ನಿಮಿಷ ನಿಧಾನ ನಡೆಸಿ. ಓಡಿಸಬೇಡಿ, ರಾತ್ರಿಯಿಡೀ ನಡೆಸಿ ಸುಸ್ತು ಮಾಡಬೇಡಿ. ಸುಮ್ಮನೆ ಮಲಗಿದ್ದರೆ ಮಲಗಿರಲಿ. ಉರುಳಾಡಿ ತಲೆ, ಕಣ್ಣು ಗಾಯ ಮಾಡಿಕೊಳ್ಳುತ್ತಿದ್ದರೆ ಮಾತ್ರ ಎಬ್ಬಿಸಿ ಬಯಲಿಗೆ ತನ್ನಿ.

ಇನ್ನು ಮಾಡಬಾರದ್ದು. ಬಿದಿರಿನ ಗೊಟ್ಟದಲ್ಲೋ ಬಾಟಲಿಯಲ್ಲೋ ಎಣ್ಣೆ, ಸೋಡಾ, ಇಂಗಿನ ನೀರು, ಮಜ್ಜಿಗೆ ಹುಯ್ಯುವುದು ದನಕ್ಕೆ ರೂಢಿ. ಕುದುರೆಗೆ ಮಾಡಿದರೆ ಎರಡು ಅಪಾಯ. ಒಂದು, ತಲೆ ಎತ್ತಿ ಹಿಡಿದಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆನೋವು ವಾಸಿಯಾದರೂ ನ್ಯುಮೋನಿಯಾದಲ್ಲಿ ಹೋಗಬಹುದು. ಎರಡು, ಮುಂದಿನ ದಾರಿ ಕಟ್ಟಿಹೋಗಿ ಜಠರ ಆಗಲೇ ತುಂಬಿ ಬಿಗಿದಿದ್ದರೆ, ವಾಂತಿ ಬಾರದ ಪ್ರಾಣಿಗೆ ಮೇಲಿನಿಂದ ಇನ್ನಷ್ಟು ತುಂಬಿದ ಹಾಗೆ, ಜಠರ ಒಡೆಯುತ್ತದೆ. ಅದಕ್ಕೇ ವೈದ್ಯರು ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ, ಮೊದಲು ಒಳಗಿರುವ ಗಾಳಿ-ನೀರು ಹೊರಬರುತ್ತದೆಯೇ ನೋಡಿ, ಆಮೇಲೆ ಎಣ್ಣೆ ಬಿಡುವುದು. ಹಸುವಿನ ಹೊಟ್ಟೆ ಉಬ್ಬರಕ್ಕೆ ಎಡಪಕ್ಕೆಗೆ ಚುಚ್ಚುವ ಧೈರ್ಯವನ್ನು ಯಾರೂ ಇಲ್ಲಿ ತೋರಿಸಬಾರದು.

ನೋವಿನ ಇಂಜೆಕ್ಷನ್ನೂ ಅಷ್ಟೇ. ಫ್ಲುನಿಕ್ಸಿನ್ ಒಳ್ಳೆಯ ಔಷಧಿ, ಆದರೆ ಅದು ನೋವನ್ನು ಮುಚ್ಚಿಡುತ್ತದೆ. ಅಂಗಡಿಯಿಂದ ತಂದು ನೀವೇ ಚುಚ್ಚಿ, ಕುದುರೆ ಮೇವು ತಿಂದಿತು ಎಂದು ಮಲಗಿ, ಬೆಳಿಗ್ಗೆ ನೋಡಿದರೆ ತಿರುಚಿದ ಕರುಳು ಸತ್ತಿರುತ್ತದೆ. ವೈದ್ಯರು ಹೇಳಿ ಕೊಟ್ಟಿದ್ದರೂ, ಔಷಧಿ ಇಳಿದ ಮೇಲೆ ನೋವು ಮರಳಿದರೆ ಇನ್ನೊಂದು ಡೋಸಿಗೆ ಕೈ ಹಾಕದೆ ಮತ್ತೆ ಅವರಿಗೇ ಹೇಳಿ. ಶಸ್ತ್ರಚಿಕಿತ್ಸೆಗೆ ಸೌಲಭ್ಯವಿರುವ ಜಾಗಗಳು ಕಡಿಮೆ. ಎಲ್ಲಿಗೆ, ಯಾವ ವಾಹನದಲ್ಲಿ ಒಯ್ಯುವುದು, ಎಷ್ಟು ಖರ್ಚು ತಡೆದುಕೊಳ್ಳಬಲ್ಲಿರಿ ಎಂಬುದನ್ನು ಕುದುರೆ ಚೆನ್ನಾಗಿರುವಾಗಲೇ ಮನೆಯವರೊಂದಿಗೆ ಕೂತು ಮಾತಾಡಿಕೊಳ್ಳಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ನಿಮಗೆ ಹತ್ತಿರದ್ದರಲ್ಲಿ ಕುದುರೆಗೆ ಏನೇನು ಚಿಕಿತ್ಸೆ ಸಿಗುತ್ತದೆ ಎಂದು ಈಗಲೇ ವಿಚಾರಿಸಿಡುವುದು ಒಳ್ಳೆಯದು.

ಮರಳು ನೆಲದವರಿಗೆ ಒಂದು ಮಾತು: ನೆಲದ ಮೇಲೆ ಮೇವು ಹಾಕಿದರೆ ಮರಳೂ ಹೊಟ್ಟೆಗೆ ಹೋಗುತ್ತದೆ. ಲದ್ದಿಯ ನಾಲ್ಕೈದು ಉಂಡೆಯನ್ನು ಬಕೆಟ್ ನೀರಿನಲ್ಲಿ ಕಲಸಿ ಬಿಟ್ಟು ನೋಡಿ, ಅಡಿಯಲ್ಲಿ ಮರಳು ಕೂತಿದ್ದರೆ ಮೇವಿಗೊಂದು ತೊಟ್ಟಿ ಮಾಡಿಸುವ ಕಾಲ ಬಂದಿದೆ.

ದನದ ಕಪಾಟಿನಲ್ಲಿರುವ ಔಷಧಿಗಳು

ರಕ್ತ ಹೀರುವ ಉಣ್ಣೆ ಹುಳಕ್ಕೆಂದು ಹಸುವಿನ ಮೈಗೆ ಬಳಿಯುವ ಅಮಿಟ್ರಾಜ್ ಕುದುರೆಗೆ ನಿಷಿದ್ಧ. ಅದು ಕರುಳಿನ ಚಲನೆಯನ್ನೇ ನಿಲ್ಲಿಸಿ ಗಟ್ಟಿ ಹೊಟ್ಟೆನೋವು ತರುತ್ತದೆ. ಡಬ್ಬದ ಮೇಲಿನ ಹೆಸರು ಬೇರೆ ಬೇರೆ ಇರುತ್ತದೆ, ಒಳಗಿನ ಔಷಧಿಯ ಹೆಸರು ಓದಿ.

ಕೋಳಿಯ ಆಹಾರ, ಕೆಲವು ದನದ ಆಹಾರಗಳಲ್ಲಿ ಮೊನೆನ್ಸಿನ್, ಸಲಿನೋಮೈಸಿನ್ ಬೆರೆಸಿರುತ್ತಾರೆ. ಹಸು ಕೋಳಿಗೆ ಪಥ್ಯವಾದ ಪ್ರಮಾಣ ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡಿ ಕೊಲ್ಲುತ್ತದೆ. ಕೋಳಿ ಫಾರಂ ಪಕ್ಕದಲ್ಲಿ ಲಾಯ ಇದ್ದವರು ಚೀಲಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ.

ಐವರ್ಮೆಕ್ಟಿನ್ ಕುದುರೆಗೂ ಒಳ್ಳೆಯ ಜಂತುನಾಶಕವೇ, ಆದರೆ ಬಾಯಿಗೆ ಕೊಡುವ ಪೇಸ್ಟಿನ ರೂಪದಲ್ಲಿ. ದನದ ಇಂಜೆಕ್ಷನ್ನನ್ನು ಕುದುರೆಗೆ ಚುಚ್ಚಿದರೆ ಆ ಜಾಗದ ಮಾಂಸ ಊದಿ ಕೊಳೆಯುವ ಸೋಂಕು ಬರಬಹುದು. ಲಿಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಕುದುರೆಗೆ ಪ್ರಾಣಾಂತಿಕ ಭೇದಿ ತರುತ್ತದೆ. ಉಳಿದ ಆಂಟಿಬಯೋಟಿಕ್‌ಗಳನ್ನೂ ಕಪಾಟಿನಲ್ಲಿದೆ ಎಂಬ ಕಾರಣಕ್ಕೆ ಕೊಡಬೇಡಿ.

ಕಣ್ಣಿನ ಹನಿಗಳಲ್ಲಿ ಸ್ಟೆರಾಯ್ಡ್ ಇರುವುದುಂಟು. ಕಣ್ಣುಗುಡ್ಡೆಯ ಮೇಲೆ ಗೀರು ಇದ್ದರೆ ಆ ಹನಿ ಗೀರನ್ನು ತೂತು ಮಾಡಿಬಿಡುತ್ತದೆ. ಕುದುರೆ ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿದ್ದರೆ ಅದೇ ದಿನ ತೋರಿಸಿ.

ಗೊರಸು

ದಿನಕ್ಕೊಮ್ಮೆ ನಾಲ್ಕೂ ಕಾಲು ಎತ್ತಿ ಕೆರೆದು ತೆಗೆಯಿರಿ, ಕೆಲಸಕ್ಕೆ ಹೂಡುವ ಮೊದಲೂ ಬಿಚ್ಚಿದ ಮೇಲೂ ನೋಡಿದರೆ ಇನ್ನೂ ಒಳ್ಳೆಯದು. ಅಡಿಭಾಗದ ನಡುವೆ ಮುಕ್ಕೋನದ ಮೆತ್ತನೆ ಭಾಗವಿರುತ್ತದಲ್ಲ, ಅದರ ಎರಡು ಪಕ್ಕದ ಸಂದಿನಲ್ಲಿ ಕಪ್ಪಗೆ, ಕೆಟ್ಟ ವಾಸನೆಯ ಕೀವಿನಂಥದ್ದು ಇದ್ದರೆ ಲಾಯದ ನೆಲ ಒದ್ದೆಯಾಗಿದೆ ಎಂದರ್ಥ. ಔಷಧಿಗಿಂತ ಮೊದಲು ನೆಲ ಒಣಗಿಸಿ.

ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಬೇಕು, ಲಾಳ ಬದಲಿಸಬೇಕು. ಲಾಳ ಸವೆದಿಲ್ಲ ಎಂದು ಮೂರು ತಿಂಗಳು ಬಿಡುವುದು ಸುಳ್ಳು ಉಳಿತಾಯ. ಗೊರಸು ಮುಂದಕ್ಕೆ ಬೆಳೆದು ಸ್ನಾಯುರಜ್ಜಿನ ಮೇಲೆ ಭಾರ ಬೀಳುತ್ತದೆ. ಎತ್ತಿಗೆ ಲಾಳ ಕಟ್ಟುವವರೇ ಕೆಲವೆಡೆ ಕುದುರೆಗೂ ಕಟ್ಟುತ್ತಾರೆ. ಕೈಚಳಕ ಇರುವವರೇ, ಆದರೆ ಎತ್ತಿನದು ಸೀಳು ಗೊರಸು, ಕೆಡವಿ ಮಲಗಿಸಿ ಹೊಡೆಯುವ ಕೆಲಸ. ಕುದುರೆಯದನ್ನು ಅದು ನಿಂತಿರುವಾಗ, ಮುಂದಿನಿಂದಲೂ ಪಕ್ಕದಿಂದಲೂ ಸಮ ನೋಡಿ ಕೆತ್ತಬೇಕು. ಗೊರಸಿಗೆ ಲಾಳ ಹೊಂದಿಸಬೇಕೇ ಹೊರತು ಲಾಳದ ಅಳತೆಗೆ ಗೊರಸನ್ನು ಅರೆದು ಚಿಕ್ಕದು ಮಾಡುವವರಿಗೆ ಕಾಲು ಕೊಡಬೇಡಿ.

ಕುದುರೆ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿದ್ದರೆ, ಗೊರಸು ಬಿಸಿಯಾಗಿದ್ದರೆ, ಗಿಣ್ಣಿನ ಹಿಂದೆ ನಾಡಿ ಜೋರಾಗಿ ಬಡಿಯುತ್ತಿದ್ದರೆ ಗೊರಸಿನ ಉರಿಯೂತ. ನಡೆಸಬೇಡಿ. ಕಾಳು ನಿಲ್ಲಿಸಿ, ದಪ್ಪ ಮೆತ್ತನೆ ಹಾಸಿನ ಮೇಲೆ ನಿಲ್ಲಿಸಿ, ಐಸ್ ನೀರಿನಲ್ಲಿ ಗೊರಸು ಮುಳುಗಿಸಿ, ವೈದ್ಯರನ್ನು ಕರೆಸಿ.

ಮೊಳೆ ಹೊಕ್ಕರೆ ಕೀಳುವ ಆತುರ ಬೇಡ. ಎಷ್ಟು ಆಳ, ಯಾವ ದಿಕ್ಕು ಎಂಬುದು ವೈದ್ಯರಿಗೆ ಮೊಳೆ ಅಲ್ಲೇ ಇದ್ದರೆ ತಿಳಿಯುತ್ತದೆ. ಕಾಲೂರಿದರೆ ಇನ್ನೂ ಒಳಹೋಗುವಂತಿದ್ದರೆ ಮಾತ್ರ ಫೋಟೋ ತೆಗೆದು, ಜಾಗಕ್ಕೆ ಗುರುತು ಹಾಕಿ, ಕಿತ್ತು, ಮೊಳೆಯನ್ನು ಎತ್ತಿಡಿ.

ಧನುರ್ವಾಯು, ಲಸಿಕೆ, ಜಂತು

ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ಹಸುವಿಗೆ ತಂತಿ ಗೀರಿದರೆ ಅರಿಶಿನ ಹಚ್ಚಿ ಬಿಡುವ ಮನೆಯವರು ಕುದುರೆಯ ವಿಷಯದಲ್ಲಿ ಲಸಿಕೆಯ ಚೀಟಿ ಹುಡುಕಬೇಕು. ಮೊದಲ ಸಲ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷಕ್ಕೊಂದು. ಕೊನೆಯ ಲಸಿಕೆ ಆಗಿ ಆರು ತಿಂಗಳು ದಾಟಿದ್ದು, ಗಾಯವಾದರೆ ಮತ್ತೊಂದು. ಕಣ್ಣಿನ ಒಳಮೂಲೆಯ ಪೊರೆ ಅಡ್ಡ ಬರುವುದು, ಕಿವಿ ಸೆಟೆಯುವುದು, ಬಾಲ ಎತ್ತಿ ಹಿಡಿಯುವುದು, ಮರದ ಕುದುರೆಯ ಹಾಗೆ ಕಾಲು ಬಿಗಿದು ನಡೆಯುವುದು ಕಂಡರೆ ಲಾಯ ಕತ್ತಲು ಮಾಡಿ, ಸದ್ದು ತಪ್ಪಿಸಿ, ವೈದ್ಯರನ್ನು ಕರೆತರಲು ಓಡಿ.

ಹುಚ್ಚುನಾಯಿ ಕಾಯಿಲೆಯ ಲಸಿಕೆ ವರ್ಷಕ್ಕೊಂದು. ಶರ್ಯತ್ತು, ಜಾತ್ರೆ, ಪ್ರದರ್ಶನಗಳಿಗೆ ಒಯ್ಯುವವರು ಅಶ್ವ ಜ್ವರದ, ಅಂದರೆ ಕುದುರೆಯ ಇನ್‌ಫ್ಲುಯೆಂಜಾದ, ಲಸಿಕೆಯನ್ನೂ ಕೇಳಿ ಹಾಕಿಸಿ. 2008ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಯಾತ್ರಿಕರನ್ನು ಹೊರುವ ಕುದುರೆಗಳಲ್ಲಿ ಕಾಣಿಸಿಕೊಂಡ ಅದು ಹಲವು ರಾಜ್ಯಗಳಿಗೆ ಹಬ್ಬಿತ್ತು.

ಜಂತಿಗೆ ಎರಡು ತಿಂಗಳಿಗೊಮ್ಮೆ ಕಣ್ಣು ಮುಚ್ಚಿ ಔಷಧಿ ಕೊಡುವ ಹಳೆಯ ಪದ್ಧತಿ ಈಗ ಬೇಡವೆನ್ನುತ್ತಾರೆ, ಹುಳುಗಳು ಔಷಧಿಗೆ ಒಗ್ಗಿಹೋಗಿವೆ. ತಾಜಾ ಲದ್ದಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಮೊಟ್ಟೆ ಎಣಿಸಿಸಿ, ಬೇಕಿದ್ದರೆ ಮಾತ್ರ ಕೊಡಿ.

ಹಲ್ಲನ್ನು ವರ್ಷಕ್ಕೊಮ್ಮೆ ತೋರಿಸಿ. ತಿನ್ನುವಾಗ ಅಗಿದ ಹುಲ್ಲು ಉಂಡೆಯಾಗಿ ಬಾಯಿಂದ ಬೀಳುತ್ತಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದೆ. ಅರದಿಂದ ಉಜ್ಜಿಸಬೇಕು. ಲಗಾಮಿಗೆ ತಲೆ ಕೊಡುವುದಿಲ್ಲ ಎಂದು ಹೊಡೆತ ತಿನ್ನುವ ಎಷ್ಟೋ ಕುದುರೆಗಳ ತಪ್ಪು ಇಷ್ಟೇ.

ಇಲಾಖೆಗೆ ತಿಳಿಸಲೇಬೇಕಾದದ್ದು

ಗ್ಲಾಂಡರ್ಸ್ ಕುದುರೆ, ಕತ್ತೆ, ಹೇಸರಗತ್ತೆಗಳ ಕಾಯಿಲೆ, ಮನುಷ್ಯರಿಗೂ ಅಂಟುತ್ತದೆ. ಮೂಗಿನೊಳಗೆ ಗಂಟು, ಹುಣ್ಣು, ಅಂಟಂಟಾದ ಕೀವು, ಕಾಲಿನ ಉದ್ದಕ್ಕೂ ಚರ್ಮದಡಿ ಮಣಿ ಪೋಣಿಸಿದಂತೆ ಗಂಟುಗಳು ಕಾಣುತ್ತವೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆಯಡಿ ಇದನ್ನು ತಿಳಿಸುವುದು ಮಾಲೀಕರ ಕರ್ತವ್ಯ. ರಕ್ತದ ಮಾದರಿಯ ಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಖಚಿತವಾದರೆ ಚಿಕಿತ್ಸೆಯಿಲ್ಲ, ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ, ಪರಿಹಾರಕ್ಕೆ ಅವಕಾಶವಿದೆ. ಮುಚ್ಚಿಟ್ಟರೆ ನಿಮ್ಮ ಮನೆಯವರೇ ಅಪಾಯದಲ್ಲಿರುತ್ತಾರೆ. ಪುಷ್ಕರ್, ಸಾರಂಗಖೇಡದಂಥ ಜಾತ್ರೆಗಳಿಂದ ತಂದ ಕುದುರೆಗೆ ಪರೀಕ್ಷೆಯ ಪತ್ರ ಕೇಳಿ, ಮೂರು ವಾರ ಬೇರೆ ಕಟ್ಟಿ, ಬಕೆಟ್ಟು ತೊಟ್ಟಿ ಎಲ್ಲ ಬೇರೆ ಇಡಿ.

ಮಳೆಗಾಲದ ಹಿಂದೆಯೇ ಬರುವುದು ಸರ್ರಾ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ರಕ್ತದ ಪರೋಪಜೀವಿ. ಜ್ವರ ಬಂದು ಹೋಗಿ ಮಾಡುತ್ತದೆ. ತಿನ್ನುತ್ತಿದ್ದರೂ ಮೈ ಇಳಿಯುತ್ತದೆ. ಹೊಟ್ಟೆಯಡಿ, ಕಾಲಲ್ಲಿ ನೀರು ತುಂಬಿ ಊದುತ್ತದೆ. ಪಕ್ಕದಲ್ಲೇ ಕಟ್ಟಿದ ಎಮ್ಮೆ ಇದೇ ಪರೋಪಜೀವಿಯನ್ನು ಮೈಯಲ್ಲಿಟ್ಟುಕೊಂಡು ಏನೂ ಆಗದಂತೆ ಇರಬಹುದು, ಕುದುರೆ ಸಾಯುತ್ತದೆ. ಆದ್ದರಿಂದ ಲಾಯವನ್ನು ಕೊಟ್ಟಿಗೆಯಿಂದ ದೂರ ಮಾಡಿ, ಸಗಣಿ ಗುಂಡಿ ಹತ್ತಿರ ಬೇಡ, ಜ್ವರ ಕಂಡಾಗ ರಕ್ತ ಪರೀಕ್ಷೆಗೆ ಕೊಡಿ.

ಕೆಲಸ ಮತ್ತು ಬಿಸಿಲು

ದಣಿದ ಕುದುರೆಗೆ ನೀರು ಕೊಡಬಾರದೆಂಬುದು ತಪ್ಪು. ನಾಲ್ಕೈದು ಗುಟುಕಿನಂತೆ ಬಿಟ್ಟು ಬಿಟ್ಟು ಕುಡಿಸುತ್ತ ನಿಧಾನ ನಡೆಸಿ. ಮೈಗೆ ತಣ್ಣೀರನ್ನು ನಿಲ್ಲಿಸದೆ ಹುಯ್ಯುತ್ತಿರಿ. ಒದ್ದೆ ಗೋಣಿಚೀಲ ಹೊದಿಸಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಜ್ವರಮಾಪಕ 104 ತೋರಿಸಿದರೆ ವೈದ್ಯರು ಬೇಕು. ಕರಾವಳಿಯ ಸೆಕೆಯಲ್ಲಿ ಕುದುರೆ ಏದುಸಿರು ಬಿಡುತ್ತಿದ್ದು ಮೈ ಮಾತ್ರ ಒಣಗಿದ್ದರೆ ಅದಕ್ಕೆ ಬೆವರುವುದೇ ನಿಂತಿದೆ, ಕೆಲಸ ನಿಲ್ಲಿಸಿ.

ಮದುವೆ ಸೀಸನ್ ಮುಗಿದು ಕಾಳು ಮಾತ್ರ ಅದೇ ಪ್ರಮಾಣದಲ್ಲಿ ನಡೆದು, ವಾರದ ಮೇಲೆ ಏಕಾಏಕಿ ಓಡಿಸಿದರೆ ತೊಡೆಯ ಸ್ನಾಯುಗಳು ಬಿಗಿದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅಂಥ ಕುದುರೆಯನ್ನು ಒಂದು ಹೆಜ್ಜೆಯೂ ನಡೆಸಬೇಡಿ, ಇದ್ದಲ್ಲಿಗೇ ವೈದ್ಯರನ್ನು ಕರೆಸಿ.

ಮರಿ ಹಾಕುವಾಗ

ಹಸುವಿಗೆ ಗಂಟೆಗಟ್ಟಲೆ ಕಾಯುತ್ತೇವೆ. ಕುದುರೆಯದು ನಿಮಿಷಗಳ ಲೆಕ್ಕ. ಗಬ್ಬ ಸುಮಾರು ಹನ್ನೊಂದು ತಿಂಗಳು, ಹೆಚ್ಚಾಗಿ ರಾತ್ರಿ ಹೊತ್ತು ಹಾಕುತ್ತದೆ. ನೀರು ಒಡೆದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷದೊಳಗೆ ಮರಿ ಹೊರಗಿರಬೇಕು. ಹತ್ತು ನಿಮಿಷದಲ್ಲಿ ಕಾಲು, ಮೂತಿ ಕಾಣದಿದ್ದರೆ ಫೋನು ಕೈಗೆತ್ತಿಕೊಳ್ಳಿ. ಬಿಳಿಯ ಪೊರೆಯ ಬದಲು ಮಖಮಲ್ಲಿನಂಥ ಕೆಂಪು ಚೀಲ ಮೊದಲು ಬಂದರೆ ಯಾರನ್ನೂ ಕಾಯದೆ ಅದನ್ನು ಹರಿಯಿರಿ, ಒಳಗಿನ ಮರಿಗೆ ಉಸಿರಿನ ದಾರಿ ತಪ್ಪಿಹೋಗಿದೆ.

ಮರಿ ಒಂದು ಗಂಟೆಯಲ್ಲಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಮೊಲೆ ಹಿಡಿಯಬೇಕು. ಗಿಣ್ಣುಹಾಲು ಮೊದಲ ಆರೆಂಟು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಹೊಕ್ಕುಳಿಗೆ ವೈದ್ಯರು ಹೇಳಿದ ದ್ರಾವಣ ಹಚ್ಚಿ.

ಕಸ, ಅಂದರೆ ಮಾಸು, ಮೂರು ಗಂಟೆಯೊಳಗೆ ಬೀಳಬೇಕು. ಹಸುವಿನಲ್ಲಿ ಹನ್ನೆರಡು ಗಂಟೆ ಕಾಯುವ ರೂಢಿಯಿದೆ, ಅದೇ ಧೈರ್ಯದಲ್ಲಿ ಬೆಳಗಾಗಲಿ ಎಂದು ಕೂತರೆ ಗರ್ಭಕೋಶಕ್ಕೆ ನಂಜೇರಿ, ಗೊರಸಿಗೂ ಉರಿಯೂತ ಇಳಿದು ಕುದುರೆಯೇ ಕೈ ತಪ್ಪುತ್ತದೆ. ಜೋತುಬಿದ್ದ ಕಸಕ್ಕೆ ಕಲ್ಲು, ಚಪ್ಪಲಿ ಕಟ್ಟುವುದು, ಎಳೆಯುವುದು ಬೇಡ. ಕಾಲಿಗೆ ತಾಗದಂತೆ ಗಂಟು ಹಾಕಿ ಮೇಲೆತ್ತಿ ಬಿಡಿ, ವೈದ್ಯರನ್ನು ಕರೆಯಿರಿ. ತಾನಾಗಿ ಬಿದ್ದಿದ್ದರೂ ಹೂತು ಹಾಕಬೇಡಿ. ನಾಯಿ ಎಳೆಯದಂತೆ ಬಕೆಟ್ಟಿನಲ್ಲಿ ನೀರು ಹಾಕಿ ಮುಚ್ಚಿಡಿ. ವೈದ್ಯರು ಅದನ್ನು ನೆಲದ ಮೇಲೆ ಹರಡಿ, ಎರಡು ಕೊಂಬುಗಳ ತುದಿ ಪೂರ್ತಿ ಬಂದಿದೆಯೇ, ಚೂರೇನಾದರೂ ಒಳಗೇ ಉಳಿದಿದೆಯೇ ನೋಡಬೇಕು.